ಹದಿನಾಲ್ಕನೆಯ ಮಹಡಿಯಲ್ಲಿ ತಿರುಗಿದ ಗಾಳಿ

ಬೆಂಗ್ರೆಯಿಂದ

ನಾನು ಹಾಯಿ ಹೊಲಿಯುವವನು. ಮಂಗಳೂರಿನ ಬಂದರಿನಿಂದ ಹಂಚು ಹೇರಿಕೊಂಡು ಹೊರಡುವ ಮಂಜಿಗಳ, ಅಂದರೆ ದೊಡ್ಡ ಹಾಯಿದೋಣಿಗಳ, ಬಟ್ಟೆಯಲ್ಲಿ ಬಹುಪಾಲು ನನ್ನ ಸೂಜಿಯ ಗುರುತು ಇದೆ. ಇದನ್ನು ಜಂಬದಿಂದಲೇ ಹೇಳುತ್ತಿದ್ದೇನೆ. ಸಿಂಗಾಪುರದಲ್ಲಿ ಡೇರೆ, ಬಿಸಿಲುಮರೆ ಹೊಲಿಯುವ ಅಂಗಡಿ ಇಟ್ಟಿದ್ದ ನಾರಾಯಣ ಭಾವ, ನನ್ನ ಅಕ್ಕನ ಗಂಡ, ಆರು ತಿಂಗಳ ಮಟ್ಟಿಗೆ ಬಾ ಎಂದು ಕಾಗದ ಬರೆದಾಗ, ನನ್ನ ಹೊಲಿಗೆಯನ್ನು ಪರದೇಶವೂ ನೋಡಲಿ ಎಂದು ಹೊರಟೆ.

ಬಂದರಿನ ಎದುರು ದಡದ ಬೆಂಗ್ರೆಯ ನಮ್ಮ ಮನೆಯಲ್ಲಿ ಹೊರಡುವುದಕ್ಕೆ ಒಂದು ಕ್ರಮ ಉಂಟು. ಹೋಗ್ತೇನೆ ಎನ್ನಬಾರದು, ಬರ್ತೇನೆ ಎನ್ನಬೇಕು. ಎಲ್ಲಿಗೆ ಎಂದು ಯಾರೂ ಕೇಳಬಾರದು. ಕೆಟ್ಟ ಮಾತು ಬಾಯಿಗೆ ಬರಬಾರದು. ಹೊಸಿಲು ದಾಟಿದವನನ್ನು ಹಿಂದಿನಿಂದ ಕರೆಯಲಂತೂ ಬಾರದು. ಅಮ್ಮ ಈ ವಿಷಯದಲ್ಲಿ ಬಹಳ ಬಿಗಿ. ನನಗೆ ಒಂಬತ್ತು ವರ್ಷವಾಗಿದ್ದಾಗ ಅಪ್ಪನ ಮಂಜಿ ನಮ್ಮ ಕಣ್ಣೆದುರಿನ ಅಳಿವೆ ಬಾಗಿಲಿನಲ್ಲೇ, ನದಿ ಸಮುದ್ರ ಸೇರುವ ಕಡೆ, ಮಗುಚಿತು. ಹಾಯಿ ಎತ್ತುವ ಹಗ್ಗ ತುಂಡಾದದ್ದು ಎಂದು ಊರಿನವರು ಹೇಳಿದರು. ಆ ಬೆಳಿಗ್ಗೆಯ ಬಗ್ಗೆ ಅಮ್ಮ ಮಾತಾಡಿದ್ದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.

ಅಂತೂ "ಬರ್ತೇನೆ ಅಮ್ಮ" ಎಂದು ಕಡವಿನ ದೋಣಿ ಹತ್ತಿ, ರೈಲು ಹಿಡಿದು ಮದರಾಸು ಮುಟ್ಟಿ ಗಂಟು ಬಿಚ್ಚಿದರೆ, ಅಂಗೈಗೆ ಕಟ್ಟಿಕೊಳ್ಳುವ ತೊಗಲಿನ ಪಟ್ಟಿ ಇಲ್ಲ. ದಪ್ಪ ಬಟ್ಟೆಗೆ ಸೂಜಿ ದೂಡಲು ಅದಿಲ್ಲದೆ ನನ್ನ ಕೈ ಕೈಯೇ ಅಲ್ಲ. ಆಮೇಲೆ ಸಿಂಗಾಪುರಕ್ಕೆ ಬಂದ ಕಾಗದದಲ್ಲಿ ಅಮ್ಮ ನನ್ನ ತಮ್ಮ ಸಂಜೀವನ ಕೈಯಲ್ಲಿ ಬರೆಸಿದ್ದಳು: "ನಿನ್ನ ಪಟ್ಟಿ ಜಗಲಿಯ ಮೇಲೆ ಇದ್ದದ್ದನ್ನು ನೀನು ದೋಣಿ ಹತ್ತುವಾಗಲೇ ನೋಡಿದೆ. ಆದರೆ ಕರೆಯುವುದು ಹೇಗೆ?" ಓದಿ ನಾನೂ ಅಕ್ಕನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಹಡಗಿನ ಮೇಲೆ

ಬೆಂಗ್ರೆಯಲ್ಲಿ ಹುಟ್ಟಿದವನಿಗೆ ಸಮುದ್ರದ ಭಯ ಎಂಥದು ಎಂದು ಮದರಾಸಿನಲ್ಲಿ ಒಬ್ಬರ ಎದುರು ಕೊಚ್ಚಿಕೊಂಡಿದ್ದೆ. ಎರಡನೆಯ ದಿನ ಆ ಮನುಷ್ಯನೇ ನನ್ನ ತಲೆ ಹಿಡಿದುಕೊಂಡ, ನಾನು ಕಟಕಟೆಗೆ ಒರಗಿ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಬಂಗಾಳ ಕೊಲ್ಲಿಗೆ ಒಪ್ಪಿಸಿದೆ. ಹಾಯಿ ದೋಣಿ ಗಾಳಿಯೊಂದಿಗೆ ವಾಲುತ್ತದೆ, ಅದು ನಮಗೆ ಅರ್ಥವಾಗುತ್ತದೆ. ಈ ಉಗಿಹಡಗು ಗಾಳಿಯನ್ನು ಕೇಳುವುದೇ ಇಲ್ಲ, ತನ್ನಷ್ಟಕ್ಕೆ ನಡುಗುತ್ತದೆ.

ನನ್ನ ಗಂಟಿನಲ್ಲಿ ಅಕ್ಕನಿಗೆಂದು ಅಮ್ಮ ಕಟ್ಟಿದ್ದ ಒಣಮೀನು ಇತ್ತು. ಅದರ ವಾಸನೆಗೆ ಯಾರಾದರೂ ಜಗಳಕ್ಕೆ ಬಂದಾರು ಎಂದು ನಾನು ಅದರ ಮೇಲೆಯೇ ಮಲಗುತ್ತಿದ್ದೆ. ಒಂದು ಮಧ್ಯಾಹ್ನ ಪಕ್ಕದ ಚೀನೀ ಮುದುಕ ಮೂಗರಳಿಸಿ ಹತ್ತಿರ ಬಂದ. ಆಯಿತು ಗ್ರಹಚಾರ ಎಂದುಕೊಂಡೆ. ಅವನು ತನ್ನ ಚೀಲ ಬಿಚ್ಚಿ ತನ್ನ ಒಣಮೀನು ತೋರಿಸಿದ. ಆಮೇಲೆ ಅವನು ಇಳಿದ ಪಿನಾಂಗ್ ಬಂದರಿನವರೆಗೆ ನಮ್ಮ ನಡುವೆ ಮೀನಿನ ವಿನಿಮಯವೇ ನಡೆಯಿತು. ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೂ ಬಂಗುಡೆ ಯಾವುದು ಎಂಬುದರಲ್ಲಿ ಭಿನ್ನಾಭಿಪ್ರಾಯ ಬರಲಿಲ್ಲ.

ಭಾವನ ಅಂಗಡಿಗೆ ಬಂದ ಕೊಡೆ

ಸಿಂಗಾಪುರದ ಚೊಕ್ಕಟತನ, ನೂರು ಜಾತಿಯ ಜನ ಒಂದೇ ಬೀದಿಯಲ್ಲಿ ಉಂಡು ತಿರುಗುವ ರೀತಿ, ಇವುಗಳ ಬಗ್ಗೆ ಹೇಳುತ್ತ ಕೂತರೆ ನಾನು ಹೇಳಬೇಕಾದ್ದು ಉಳಿದುಹೋಗುತ್ತದೆ. ಹೋಗಿ ಮೂರು ವಾರವಾಗಿತ್ತು. ಒಂದು ದಿನ ಇಬ್ಬರು ಬಿಳಿಯರು ಒಂದು ದೊಡ್ಡ ರೇಷ್ಮೆಯ ಮೂಟೆ ಹೊತ್ತು ತಂದರು. ಬಿಚ್ಚಿದರೆ ಅಂಗಡಿ ತುಂಬಿ ಬೀದಿಗೆ ಹರಿಯಿತು. ಪ್ಯಾರಾಶೂಟು. ನಾನು ಅದನ್ನು ಕೊಡೆ ಎಂದೇ ಕರೆಯುತ್ತೇನೆ, ಹಿಡಿ ಇಲ್ಲದ ಕೊಡೆ. ಅದರ ಒಂದು ಪಟ್ಟೆ ಮಾರುದ್ದ ಹರಿದಿತ್ತು.

ತಂದವರಲ್ಲಿ ಒಬ್ಬಳು ಮಿಸೆಸ್ ಹಾರ್ಪರ್, ಆಸ್ಟ್ರೇಲಿಯಾದವಳು. ನಲವತ್ತೈದು ದಾಟಿದ, ಕುಳ್ಳಗಿನ, ಕನ್ನಡಕದ ಹೆಂಗಸು. ಶಾಲೆಯಲ್ಲಿ ಲೆಕ್ಕ ಕಲಿಸುವವಳು ಎಂದರೆ ನಂಬಬಹುದಿತ್ತು. ಇನ್ನೊಬ್ಬ ಅವಳ ತಮ್ಮ ಟಾಮ್, ಒಂದು ಕಾಲು ಕುಂಟು. ಸಮುದ್ರದ ಬದಿಯಲ್ಲಿ ಹೊಸದಾಗಿ ಎದ್ದಿದ್ದ ಹದಿನಾಲ್ಕು ಮಹಡಿಯ ಕಟ್ಟಡದ ಮೇಲಿನಿಂದ ಅವಳು ಕೊಡೆ ಕಟ್ಟಿಕೊಂಡು ಹಾರುವವಳಿದ್ದಳು. ಊರೆಲ್ಲ ಗೋಡೆಗಳ ಮೇಲೆ ಅವಳ ಚಿತ್ರ. ವಿಮಾನದಿಂದ ಹಾರುವವರಿಗೆ ಕೆಳಗೆ ಬೇಕಾದಷ್ಟು ಆಕಾಶ ಇರುತ್ತದಂತೆ. ಕಟ್ಟಡದಿಂದ ಹಾರುವವರಿಗೆ ತಪ್ಪು ತಿದ್ದಿಕೊಳ್ಳಲು ಐದಾರು ಉಸಿರಿನಷ್ಟು ಹೊತ್ತು ಮಾತ್ರ.

"ಇಷ್ಟು ಪ್ರಾಯದ ಹೆಂಗಸಿಗೆ ಇದು ಎಂತ ಹುಚ್ಚು ಮಾರಾಯ!" ಎಂದೆ ಭಾವನಿಗೆ.

"ನೀನು ಹೊಲಿ. ಹುಚ್ಚು ಅವರದ್ದು, ಸೂಜಿ ನಮ್ಮದು," ಎಂದ ಭಾವ.

ಹಾಯಿಗೆ ಹಾಕುವ ಹೊಲಿಗೆಯನ್ನೇ ಹಾಕಿದೆ. ಅಂಚಿನೊಳಗೆ ಅಂಚು ಮಡಚಿ, ಎರಡು ಸಾಲು, ಮೇಣ ಸವರಿದ ದಾರ. ಮಿಸೆಸ್ ಹಾರ್ಪರ್ ಕನ್ನಡಕ ಮೇಲೆತ್ತಿ, ಉಗುರಿನಿಂದ ಕೆದಕಿ, ಎರಡೂ ಕೈಯಿಂದ ಜಗ್ಗಿ ನೋಡಿದಳು. ಆಮೇಲೆ ಕೊಡೆ ಮಡಚುವಾಗ ನಾನೂ ಇರಬೇಕು ಎಂದಳು.

ಕೆಡುವುದರ ಅಭ್ಯಾಸ

ಹೀಗೆ ನಾನು ಅವರ ಗುಂಪಿಗೆ ಸೇರಿದೆ, ಭಾವ ದುಭಾಷಿಯಾಗಿ ಸೇರಿದ. ಅವರು ಒಂದು ಹಳೆಯ ಗೋದಾಮಿನಲ್ಲಿ ಬೆಳಿಗ್ಗೆ ಬೆಳಿಗ್ಗೆ ಅಭ್ಯಾಸ ಮಾಡುತ್ತಿದ್ದರು. ಏನು ಅಭ್ಯಾಸ ಎಂದರೆ, ಕೆಡುವುದರ ಅಭ್ಯಾಸ. ತೊಲೆಗೆ ಕಟ್ಟಿದ ಪಟ್ಟಿಯಲ್ಲಿ ಅವಳು ಜೋತುಬಿದ್ದಿರುತ್ತಾಳೆ. ಕೆಳಗಿನಿಂದ ಟಾಮ್ ಒಂದೊಂದೇ ಅನಾಹುತ ಕೂಗುತ್ತಾನೆ. "ಹಗ್ಗ ತಿರುಚಿತು!" ಎಂದರೆ ಅವಳು ಸೈಕಲ್ ತುಳಿದ ಹಾಗೆ ಕಾಲು ಒದ್ದು ಬಿಡಿಸಿಕೊಳ್ಳಬೇಕು. "ಗೋಡೆ!" ಎಂದರೆ ಎರಡೂ ಪಾದ ಜೋಡಿಸಿ ಮುಂದೆ ಚಾಚಿ, ಗೋಡೆಯನ್ನು ಒದ್ದು, ಗೋಡೆಯಿಂದ ಆಚೆಯ ಹಗ್ಗಗಳನ್ನು ಎಳೆಯಬೇಕು. "ಮರ!" ಎಂದರೆ ಮುಖ ಮುಚ್ಚಿ ಪಾದ ಹೆಣೆಯಬೇಕು. "ಸಿಕ್ಕಿಬಿದ್ದೆ!" ಎಂದರೆ ಅಲ್ಲಾಡಬಾರದು. ಎರಡನೆಯ ಹಗ್ಗ ಸೊಂಟಕ್ಕೆ ಬರುವವರೆಗೆ ಕೊಡೆಯ ಕೊಂಡಿ ಬಿಚ್ಚಲೇಬಾರದು. ಇದನ್ನೇ ನೂರು ಸಲ. ಸರಿಯಾಗಿ ಹಾರುವುದನ್ನು ಅವರು ಒಂದು ದಿನವೂ ಅಭ್ಯಾಸ ಮಾಡಲಿಲ್ಲ.

ಕೊನೆಗೆ ಎಲ್ಲರೂ ಸುತ್ತ ನಿಲ್ಲಬೇಕು. ಅವಳು ಒಬ್ಬೊಬ್ಬರನ್ನೇ ಕೇಳುತ್ತಾಳೆ: ಏನು ಕೆಡಬಹುದು? ಒಬ್ಬ ಕೊಂಡಿ ಎನ್ನುತ್ತಾನೆ, ಇನ್ನೊಬ್ಬ ವಿದ್ಯುತ್ ತಂತಿ ಎನ್ನುತ್ತಾನೆ. ನನ್ನ ಸರದಿ ಬಂದಾಗ ನಾನು ಕೈ ಮುಗಿದು, "ದೇವರ ದಯದಿಂದ ಎಲ್ಲ ಒಳ್ಳೇದೇ ಆಗ್ತದೆ" ಎಂದೆ. ಭಾವ ಇಂಗ್ಲಿಷಿಗೆ ತಿರುಗಿಸಿದ. ಅವಳು ಹುಬ್ಬು ಗಂಟಿಕ್ಕಿದಳು.

"ಅದು ಉತ್ತರ ಅಲ್ಲ ಹೇಳ್ತಾಳೆ," ಎಂದ ಭಾವ.

ನನಗೆ ಸಿಟ್ಟು ಬಂತು. ಸಾವಿನ ಬಾಯಿಗೆ ಹೊರಟವಳ ಎದುರು ಕೆಟ್ಟದ್ದನ್ನು ಹೆಸರು ಹಿಡಿದು ಕರೆಯುವುದು ಇವರಿಗೆ ಯಾರು ಕಲಿಸಿದ್ದು? ನಮ್ಮಲ್ಲಾದರೆ ಹೀಗೆ ಬಾಯಿಬಿಟ್ಟವನಿಗೆ ಆ ಮನೆಯಲ್ಲಿ ಮತ್ತೆ ನೀರೂ ಸಿಕ್ಕುತ್ತಿರಲಿಲ್ಲ. ಮರುದಿನವೂ ಅದೇ ಉತ್ತರ ಕೊಟ್ಟೆ. ಹಟ ಯಾರಪ್ಪನ ಮನೆಯ ಗಂಟು?

ಹದಿನಾಲ್ಕನೆಯ ಮಹಡಿ

ಹಾರುವುದು ಬೆಳಿಗ್ಗೆ ಏಳಕ್ಕೆ ಎಂದು ನಿಶ್ಚಯವಾಗಿತ್ತು. ಆಗ ನೆಲದ ಗಾಳಿ ಸಮುದ್ರದ ಕಡೆಗೆ ಬೀಸುತ್ತಿರುತ್ತದೆ. ಹಾರಿದವಳನ್ನು ಗೋಡೆಯಿಂದ ದೂರ, ಎದುರಿನ ಮೈದಾನಕ್ಕೆ ಒಯ್ಯುತ್ತದೆ. ಆದರೆ ಬರಬೇಕಾಗಿದ್ದ ದೊಡ್ಡ ಮನುಷ್ಯರೊಬ್ಬರು ತಡಮಾಡಿದರು. ಎಂಟಾಯಿತು, ಒಂಬತ್ತೂ ಆಗುತ್ತ ಬಂತು. ಮೈದಾನದ ತುಂಬ ಜನ. ಮೇಲಿನಿಂದ ನೋಡಿದರೆ ಬರೀ ಟೊಪ್ಪಿ, ಕೊಡೆ, ಮುಂಡಾಸು.

ಅವಳು ಬಿಳಿಯ ಟೊಪ್ಪಿ ಬಿಗಿದುಕೊಂಡು ಹೊರಚಾಚಿದ ಹಲಗೆಯ ತುದಿಗೆ ನಡೆದಳು. ಬೆನ್ನು ನನ್ನ ಕಡೆಗೆ. ಕೊಡೆಯ ಚೀಲ ಬಿಚ್ಚುವ ದಾರವನ್ನು ಹಿಂದಿನ ಕಂಬಕ್ಕೆ ಕಟ್ಟಿದ್ದರು. ಟಾಮ್ ಅಂಚುಗೋಡೆಗೆ ಕಟ್ಟಿದ್ದ ರಿಬ್ಬನ್ನನ್ನೇ ನೋಡುತ್ತಿದ್ದ. ರಿಬ್ಬನ್ನು ಇನ್ನೂ ಸಮುದ್ರದ ಕಡೆಗೇ ಮೆಲ್ಲಗೆ ಆಡುತ್ತಿತ್ತು. ನನ್ನ ಕಣ್ಣು, ಅಭ್ಯಾಸಬಲ, ದೂರಕ್ಕೆ ಹೋಯಿತು. ಲಂಗರು ಹಾಕಿದ್ದ ಹಡಗುಗಳಲ್ಲಿ ಎಲ್ಲಕ್ಕಿಂತ ಆಚೆಯದರ ಹೊಗೆ ನಮ್ಮ ಕಡೆಗೆ ಬಾಗಿತ್ತು. ನೋಡುತ್ತಿದ್ದ ಹಾಗೆ ಅದರ ಈಚೆಯದರ ಹೊಗೆಯೂ ನಿಂತು, ತಡವರಿಸಿ, ತಿರುಗಿತು. ಸಮುದ್ರದ ಗಾಳಿ ಬರುತ್ತಿತ್ತು. ಇನ್ನು ಅರ್ಧ ನಿಮಿಷದಲ್ಲಿ ಅದು ಗೋಡೆಗೆ ಬಡಿಯುತ್ತದೆ ಎಂದು ನನಗೆ ಖಂಡಿತ ಗೊತ್ತಾಯಿತು.

ಬಾಯಿ ತೆರೆದೆ. ಸ್ವರ ಹೊರಡಲಿಲ್ಲ. ಹೊರಟು ನಿಂತವಳು, ಹಿಂದಿನಿಂದ ಹೇಗೆ ಕರೆಯುವುದು? ಕರೆದಿದ್ದರೆ ಬೆಚ್ಚಿ ಕಾಲು ಜಾರುತ್ತಿದ್ದಳೇನೋ ಎಂದು ಆಮೇಲೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಆಮೇಲಿನ ಮಾತು. ಆ ಗಳಿಗೆಯಲ್ಲಿ ನನ್ನ ಗಂಟಲು ಹಿಡಿದದ್ದು ಬೆಂಗ್ರೆಯ ಹೊಸಿಲು.

ಅವಳು ಹಾರಿದಳು.

ಕೊಡೆ ಧಬ್ ಎಂದು ಬಿಚ್ಚಿತು. ಎರಡು ಮಹಡಿಯಷ್ಟು ಎಲ್ಲ ಚಂದ. ಕೆಳಗೆ ಜನ ಹೋ ಎಂದರು. ಆಗ ರಿಬ್ಬನ್ನು ಪಟಪಟ ಹೊಡೆದು ನಮ್ಮ ಮುಖಕ್ಕೆ ತಿರುಗಿತು. ಕೊಡೆ ಅವಳನ್ನು ಎತ್ತಿಕೊಂಡು ನೇರ ಗೋಡೆಗೆ ಬಂತು. "ಗೋಡೆ!" ಎಂದು ಟಾಮ್ ಕೂಗಿದ. ಅಷ್ಟರಲ್ಲೇ ಅವಳ ಎರಡೂ ಪಾದ ಜೋಡಿಯಾಗಿ ಮುಂದೆ ಬಂದಿದ್ದವು. ಗೋದಾಮಿನಲ್ಲಿ ಒದ್ದ ಹಾಗೆಯೇ ಒದ್ದಳು, ಆಚೆಯ ಹಗ್ಗ ಎಳೆದಳು, ಹೊರಕ್ಕೆ ಜೀಕಿದಳು. ಗಾಳಿ ಮತ್ತೆ ತಂದು ಬಡಿಯಿತು. ಈ ಸಲ ಕೊಡೆಯ ಅಂಚು ಎಂಟನೆಯ ಮಹಡಿಯ ಬಾವುಟದ ಕೋಲಿಗೆ ಸಿಕ್ಕಿತು. ರೇಷ್ಮೆ ಹರಿಯುವ ಸದ್ದು ಮೇಲಿನವರೆಗೆ ಕೇಳಿತು. ಅದು ಹೊಲಿಯುವವನ ಕಿವಿಗೆ ಬಹಳ ಕೆಟ್ಟ ಸದ್ದು.

ಅವಳು ಜೋತುಬಿದ್ದಳು, ಅಲ್ಲಾಡಲಿಲ್ಲ. ಸಾವಿರಾರು ಜನ ಕಿರುಚುತ್ತಿದ್ದರು. ಟಾಮ್ ಮಾತ್ರ ಬಗ್ಗಿ ಮಹಡಿ ಎಣಿಸಿ, ಕಚೇರಿಯಲ್ಲಿ ಕಾಗದ ಕೇಳಿದಷ್ಟು ಮೆಲ್ಲಗೆ "ಆರು" ಎಂದ. ಅವನ ಬಾಯಿಂದ ಅದು ಬೀಳುವ ಮೊದಲೇ ಹಗ್ಗ ಹಿಡಿದು ನಿಂತಿದ್ದ ಇಬ್ಬರು ಮೆಟ್ಟಿಲಿಳಿದು ಓಡಿದರು. ಆರನೆಯ ಮಹಡಿಯ ಕಿಟಕಿ ತೆರೆಯಿತು. ಎರಡು ಕೈ ಹೊರಬಂದು ಅವಳ ಸೊಂಟಕ್ಕೆ ಹಗ್ಗ ಸುತ್ತಿದವು. ಅವಳು ಅದನ್ನು ಜಗ್ಗಿ ನೋಡಿದಳು. ನನ್ನ ಹೊಲಿಗೆಯನ್ನು ಜಗ್ಗಿ ನೋಡಿದ ಹಾಗೆಯೇ, ಅಷ್ಟೇ ಸಾವಧಾನದಿಂದ, ಎರಡು ಸಲ. ಆಮೇಲೆ ಕೊಡೆಯ ಕೊಂಡಿ ಬಿಚ್ಚಿ ಕಿಟಕಿಯೊಳಗೆ ಹೋದಳು.

ಆರನೆಯ ಮಹಡಿಯ ಚಹಾ

ನಾವು ಇಳಿದು ಹೋಗುವಾಗ ಅವಳು ಯಾವುದೋ ಕಚೇರಿಯ ಕುರ್ಚಿಯಲ್ಲಿ ಕೂತಿದ್ದಳು. ಒಬ್ಬ ಚೀನೀ ಗುಮಾಸ್ತ, ಕಿಟಕಿಯಿಂದ ಅತಿಥಿಗಳು ಬರುವುದು ದಿನವೂ ಇದ್ದದ್ದೇ ಎಂಬಂತೆ, ಚಹಾ ತಂದುಕೊಟ್ಟ. ಇಷ್ಟು ಹೊತ್ತು ಕಲ್ಲಿನ ಹಾಗಿದ್ದ ಅವಳ ಕೈ ಆಗ ನಡುಗಲು ಹಿಡಿಯಿತು. ಬಟ್ಟಲು ತಟ್ಟೆಯ ಮೇಲೆ ಕಟಕಟ ಎಂದಿತು.

"ಈಗ ನಡುಗಬಹುದಂತೆ, ಕೆಲಸ ಮುಗಿಯಿತಲ್ಲ ಹೇಳ್ತಾಳೆ," ಎಂದ ಭಾವ.

ಟಾಮ್ ಹರಿದ ಕೊಡೆ ತಂದು ಹರಡಿದ. ಸೀಳು ಕೊಡೆಯ ಅಂಚಿನಿಂದ ಹೊರಟು, ಅಡ್ಡಕ್ಕೆ ಓಡಿ, ನನ್ನ ಎರಡು ಸಾಲಿನ ಹೊಲಿಗೆಯ ಹತ್ತಿರ ನಿಂತಿತ್ತು. ಮಿಸೆಸ್ ಹಾರ್ಪರ್ ಅದರ ಮೇಲೆ ಬೆರಳಾಡಿಸಿ, ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ನನ್ನ ಜನ್ಮದಲ್ಲಿ ನನ್ನ ಹೊಲಿಗೆಗೆ ಅಂಥ ಮರ್ಯಾದೆ ಸಿಕ್ಕಿರಲಿಲ್ಲ. ನಾಚಿಕೆಯಿಂದ ನಾನು ಭೂಮಿಗಿಳಿದುಹೋದೆ.

"ಭಾವ, ಗಾಳಿ ತಿರುಗಿದ್ದನ್ನು ನಾನು ನೋಡಿದ್ದೆ. ಅವಳಿಗೆ ಹೇಳು."

"ಸುಮ್ಮನಿರು ಮಾರಾಯ. ಯಾರಿಗೆ ಗೊತ್ತುಂಟು? ಹೊಗಳ್ತಾ ಇದ್ದಾಳೆ, ಹೊಗಳಿಸಿಕೋ."

"ಹೇಳು ಅಂದೆನಲ್ಲ!"

ಅವನು ಗೋಡೆ ನೋಡಿದ. ಕೊನೆಗೆ ನಾನೇ ಬಾಯಿಬಿಟ್ಟೆ. "ಐ ಸೀ ವಿಂಡ್. ಬಿಫೋರ್," ಎಂದೆ.

ಟಾಮ್‌ನ ಮುಖ ಕೆಂಪೇರಿತು. ನನ್ನನ್ನು ಹೊಡೆದಿದ್ದರೂ ತಪ್ಪಲ್ಲ. ಅವಳು ಕೈ ಎತ್ತಿ ಅವನನ್ನು ತಡೆದು, ಯಾಕೆ ಹೇಳಲಿಲ್ಲ ಎಂದು ಕೇಳಿದಳು. ಭಾವ ಈಗ ಬೇರೆ ದಾರಿಯಿಲ್ಲದೆ ನಮ್ಮ ಕ್ರಮವನ್ನೆಲ್ಲ ವಿವರಿಸಿದ: ಹೊಸಿಲು, ಬರ್ತೇನೆ, ಹಿಂದಿನಿಂದ ಕರೆಯಬಾರದು. ಅವಳು ನಗುತ್ತಾಳೆ ಎಂದು ನಾನು ಕಾದೆ. ನಗಲಿಲ್ಲ. ಚಹಾ ಮುಗಿಸಿ ಬಟ್ಟಲು ಕೆಳಗಿಟ್ಟಳು.

"ಹಿಂದಿನಿಂದ ಕರೆಯುವ ಹಾಗಿಲ್ಲದಿದ್ದರೆ ಮುಂದಿನ ಸಲ ನನ್ನ ಮುಂದೆ ನಿಲ್ಲು, ಹೇಳ್ತಾಳೆ," ಎಂದ ಭಾವ.

ಎರಡನೆಯ ಸಲ

ಹತ್ತು ದಿನ ಹಗಲೆಲ್ಲ ಹೊಲಿದೆ. ಸುತ್ತ ನಿಂತು ಕೇಳುವ ಹೊತ್ತು ಬಂದಾಗ ಈ ಸಲ ನಾನು ಕೈ ಮುಗಿಯಲಿಲ್ಲ.

"ಗಾಳಿ ತಿರುಗಬಹುದು. ನಾನು ನೋಡಿಯೂ ಸುಮ್ಮನಿರಬಹುದು," ಎಂದೆ.

ಅವಳು ತಲೆಯಾಡಿಸಿದಳು. ಇದು ಉತ್ತರ, ಎಂದಳು.

ಅಂಚುಗೋಡೆಯ ಒಂದು ಮೂಲೆ ಹೊರಕ್ಕೆ ಚಾಚಿತ್ತು. ನನ್ನ ಸೊಂಟಕ್ಕೆ ಹಗ್ಗ ಕಟ್ಟಿ ಅಲ್ಲಿ ನಿಲ್ಲಿಸಿದರು. ಹಲಗೆಯ ತುದಿಗೆ ಬಂದವಳ ಕಣ್ಣಿಗೆ ಮೊದಲು ಬೀಳುವುದು ನನ್ನ ಮುಖ. ಜನ ಮೊದಲಿಗಿಂತ ಇಮ್ಮಡಿ ಸೇರಿದ್ದರು. ಬೇಗನೇ ಬಂದಿದ್ದೆವು, ಆದರೂ ದೂರದ ಹಡಗಿನ ಹೊಗೆ ಒಂದು ಗಳಿಗೆ ನೆಟ್ಟಗೆ ನಿಂತಿತು. ಅದು ನನಗೆ ಹಿಡಿಸಲಿಲ್ಲ. ಕೈ ಎತ್ತಿದೆ. "ಬೇಡ!" ಎಂದು ಕನ್ನಡದಲ್ಲೇ ಕೂಗಿದೆ.

ಅವಳು ನನ್ನ ಮುಖ ನೋಡಿದಳು. ಒಂದು ಪ್ರಶ್ನೆ ಕೇಳದೆ ಹಿಂದೆ ಸರಿದು ಕೊಂಡಿ ಬಿಚ್ಚಿದಳು. ಕೆಳಗೆ ಸಿಳ್ಳು, ಕೂಗು, ಬೈಗುಳ. ಲಿಫ್ಟಿನಲ್ಲಿ ಇಳಿದು ಹಿಂಬಾಗಿಲಿನಿಂದ ಹೋಗಬಹುದಿತ್ತು. ಅವಳು ಹದಿನಾಲ್ಕು ಮಹಡಿ ಮೆಟ್ಟಿಲಿಳಿದು, ಮುಂಬಾಗಿಲಿನಿಂದ ಆ ಜನರ ನಡುವೆಯೇ ನಡೆದು ಹೋದಳು. ಯಾರೋ ಕಿತ್ತಳೆ ಸಿಪ್ಪೆ ಎಸೆದರು. ಟೊಪ್ಪಿಯ ಮೇಲಿನಿಂದ ಅದನ್ನು ತೆಗೆದು ಜೇಬಿಗೆ ಹಾಕಿಕೊಂಡಳು. ಹಾರುವ ಧೈರ್ಯವನ್ನು ಹತ್ತು ದಿನದ ಹಿಂದೆ ಕಂಡಿದ್ದೆ. ಹಾರದೆ ಇಳಿದು ಬರುವ ಈ ಧೈರ್ಯದ ಎದುರು ಅದು ನನಗೆ ಸಣ್ಣದಾಗಿ ಕಂಡಿತು.

ಮೂರು ದಿನ ಬಿಟ್ಟು ಹಾರಿದಳು. ಹೊಗೆ ಸಮುದ್ರದ ಕಡೆಗೆ ನೆಟ್ಟಗೆ ಮಲಗಿತ್ತು. ಮೈದಾನದ ಹುಲ್ಲಿನ ಮೇಲೆ ಇಳಿದು, ಒಂದು ಮಗ್ಗುಲು ಉರುಳಿ, ಎದ್ದು ಮೊದಲು ಕನ್ನಡಕ ಒರೆಸಿಕೊಂಡಳು.

ಮರಳಿ ಬೆಂಗ್ರೆಗೆ

ನಾನು ಊರಿಗೆ ಬಂದ ನಾಲ್ಕನೆಯ ದಿನ ತಮ್ಮ ಸಂಜೀವ ಹಂಚಿನ ಹೇರು ತುಂಬಿಕೊಂಡು ಹೊರಡುವವನಿದ್ದ. ಅಪ್ಪನ ನಂತರ ನಮ್ಮ ಮನೆಯಿಂದ ಮಂಜಿ ನಡೆಸುವವನು ಅವನೊಬ್ಬನೇ. ಮಂಜಿ ಬೆಂಗ್ರೆಯ ದಡಕ್ಕೆ ತಾಗಿ ನಿಂತಿತ್ತು. ಅಮ್ಮ ಎಂದಿನಂತೆ ದಡದಲ್ಲಿ ಬಾಯಿ ಬಿಗಿದು ನಿಂತಿದ್ದಳು. "ಬರ್ತೇನೆ" ಎಂದು ಸಂಜೀವ ಹತ್ತಿದ. ಆಳುಗಳು ಬಿದಿರಿನ ಗಳು ಊರಿ ತಳ್ಳಿದರು. ಮಂಜಿ ತಿರುಗಿ ನಮಗೆ ಬೆನ್ನು ಹಾಕಿತು. ಆಗ, ಹಾಯಿ ಎತ್ತುವ ಹಗ್ಗ ಕಂಬದ ತುದಿಯ ರಾಟೆಯನ್ನು ಹಾಯುವ ಕಡೆ, ಒಂದು ಎಳೆ ಬಿಚ್ಚಿ ಗಾಳಿಗೆ ಕೂದಲಿನ ಹಾಗೆ ಆಡುತ್ತಿದ್ದುದು ನನಗೆ ಕಂಡಿತು.

ಅಮ್ಮನ ಮುಖ ನೋಡಿದೆ. ಅವಳೂ ಅಲ್ಲಿಗೇ ನೋಡುತ್ತಿದ್ದಳು.

"ಸಂಜೀವಾ!" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. "ನಿಲ್ಲು! ಹಗ್ಗ ಹೋಗಿದೆ!"

ಆಳುಗಳು ಗಳು ಬಿಟ್ಟು ತಲೆ ಚಚ್ಚಿಕೊಂಡರು. ಮಂಜಿ ಹಿಂದೆ ಬಂತು. ಸಂಜೀವ ಕೆಂಡವಾಗಿದ್ದ. "ನಿನಗೆ ಎಂತ ಆಗಿದೆ ಅಣ್ಣ? ಸಿಂಗಾಪುರಕ್ಕೆ ಹೋಗಿ ಬುದ್ಧಿ ಅಲ್ಲೇ ಬಿಟ್ಟು ಬಂದೆಯಾ? ಹೊರಟವನನ್ನು ಹಿಂದಿನಿಂದ ಕರೀತಾರಾ?" ಎಂದು ಬೈಯುತ್ತಲೇ ಕಂಬ ಹತ್ತಿ ಹಗ್ಗ ಇಳಿಸಿದ. ಆ ಕಡೆ ಎರಡು ಕೈಯಿಂದ ಜಗ್ಗಿದ್ದೇ ತಡ, ಹಗ್ಗ ಎರಡಾಯಿತು. ಅವನು ತುಂಡುಗಳನ್ನು ಹಿಡಿದುಕೊಂಡು ದಡಕ್ಕೆ ಇಳಿದ.

ಅಮ್ಮ ಬಂದು ಒಂದು ತುಂಡು ಕೈಗೆ ತೆಗೆದುಕೊಂಡಳು. ಬೈಗುಳಕ್ಕೆ ನಾನು ತಲೆ ತಗ್ಗಿಸಿದ್ದೆ.

"ನಿಮ್ಮ ಅಪ್ಪನ ಹಗ್ಗವನ್ನೂ ನಾನು ನೋಡಿದ್ದೆ," ಎಂದಳು.

ಇಪ್ಪತ್ತಮೂರು ವರ್ಷದಲ್ಲಿ ಆ ಬೆಳಿಗ್ಗೆಯ ಬಗ್ಗೆ ಅವಳು ಆಡಿದ ಮಾತು ಅದೊಂದೇ. ನಾವಿಬ್ಬರೂ ಅವಳ ಎರಡು ಬದಿಗೆ ನಿಂತೆವು. ನನಗೆ ಆರನೆಯ ಮಹಡಿಯ ಚಹಾದ ಬಟ್ಟಲು ನೆನಪಾಯಿತು, ಅಮ್ಮನ ಕೈಯಲ್ಲಿ ಹಗ್ಗ ಹಾಗೆಯೇ ನಡುಗುತ್ತಿತ್ತು. ಮಿಸೆಸ್ ಹಾರ್ಪರಳ ಕಥೆಯನ್ನು ಅಲ್ಲೇ ದಡದಲ್ಲಿ ಇಬ್ಬರನ್ನೂ ಕೂರಿಸಿ ಹೇಳಿದೆ. ಮುಂದೆ ನಿಲ್ಲು ಎಂದದ್ದನ್ನೂ ಹೇಳಿದೆ. ಅಮ್ಮ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ.

ಹೊಸ ಹಗ್ಗ ಏರಿಸಿದೆವು. ಸಂಜೀವ ಮತ್ತೆ ಕೂತು, ನೀರು ಕುಡಿದು, "ಬರ್ತೇನೆ" ಎಂದ. ಆಗ ಅಮ್ಮ ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿ, ನೀರಿಗಿಳಿದು, ಮಂಜಿಯ ಮೂತಿಯ ಮುಂದೆ ಹೋಗಿ ನಿಂತಳು. ಕಂಬದ ತುದಿಯಿಂದ ಹಿಡಿದು ಒಂದೊಂದು ಹಗ್ಗ, ಒಂದೊಂದು ಗಂಟು ನಿಧಾನವಾಗಿ ನೋಡಿದಳು. ಆಳುಗಳು ಗಳು ಹಿಡಿದು ಕಾದರು. ಎಲ್ಲ ನೋಡಿ ಮುಗಿಸಿ ಮಗನ ಮುಖ ನೋಡಿ, "ಹೂಂ, ಈಗ ಹೊರಡು" ಎಂದು ಪಕ್ಕಕ್ಕೆ ಸರಿದಳು.